ಎರಡನೆಯ ಪುಟಿತ

ಟೆನಿಸ್ ಆಟಕ್ಕೆ ಒಂದು ಮೂಲ ನಿಯಮವುಂಟು. ಎದುರಾಳಿಯು ಹೊಡೆದ ಚೆಂಡು ನಮ್ಮ ಅಂಕಣದಲ್ಲಿ ಒಮ್ಮೆ ಮಾತ್ರ ಪುಟಿಯಬಹುದು. ಅದು ಎರಡನೆಯ ಸಲ ನೆಲವನ್ನು ಮುಟ್ಟುವುದರೊಳಗೆ ಅದನ್ನು ಬಲೆಯಾಚೆಗೆ ಹಿಂದಿರುಗಿಸಬೇಕು. ಆಟಗಾರನಿಗೆ ಓಡಬಲ್ಲ ಕಾಲುಗಳೂ ಕಾಣಬಲ್ಲ ಕಣ್ಣುಗಳೂ ಇದ್ದೇ ಇರುತ್ತವೆಂಬ ನಂಬಿಕೆಯು ಈ ನಿಯಮದ ಹಿಂದೆ ಅಡಗಿದೆ. ಹಾಗಾದರೆ ಕಾಲಿನಲ್ಲಿ ಶಕ್ತಿಯಿಲ್ಲದವರೂ ದೃಷ್ಟಿಯಿಲ್ಲದವರೂ ಎಂದೆಂದಿಗೂ ಅಂಕಣದ ಹೊರಗೇ ಕುಳಿತಿರಬೇಕೆ? ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೆಲವರು ಈ ಪ್ರಶ್ನೆಯನ್ನು ಎತ್ತಿದರು. ಉತ್ತರವನ್ನು ಆಟದಲ್ಲಿಯೇ ಕಂಡುಕೊಂಡರು.

ಬ್ರಾಡ್ ಪಾರ್ಕ್ಸ್ ಎಂಬ ಅಮೆರಿಕದ ತರುಣನು ಹಿಮದ ಮೇಲೆ ಜಾರುವ ಸಾಹಸಕ್ರೀಡೆಯಲ್ಲಿ ನಿಪುಣನಾಗಿದ್ದನು. 1976ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಆತನು ಸ್ಪರ್ಧೆಯೊಂದರ ಅಭ್ಯಾಸದ ವೇಳೆ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡನು. ಕಾಲುಗಳು ಸ್ವಾಧೀನ ತಪ್ಪಿದವು. ಚಿಕಿತ್ಸೆಯ ದಿನಗಳಲ್ಲಿ ಆತನಿಗೆ ಜೆಫ್ ಮಿನ್ನೆನ್‌ಬ್ರೇಕರ್ ಎಂಬಾತನ ಪರಿಚಯವಾಯಿತು. ಆತನೂ ಗಾಲಿಕುರ್ಚಿಯನ್ನು ಅವಲಂಬಿಸಿದವನು. ಆಟಕ್ಕೆ ಒಗ್ಗುವ ಹಗುರವಾದ ಕುರ್ಚಿಗಳನ್ನು ರೂಪಿಸುತ್ತಿದ್ದವನು. ಇಬ್ಬರೂ ಕ್ಯಾಲಿಫೋರ್ನಿಯದ ಅಂಕಣಗಳಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಟೆನಿಸ್ ಆಡತೊಡಗಿದರು. ಅಂಕಣದ ಅಳತೆ, ಬಲೆಯ ಎತ್ತರ, ಚೆಂಡು, ರ‍್ಯಾಕೆಟ್ಟು, ಅಂಕಗಳ ಲೆಕ್ಕ ಇವಾವುದೂ ಬದಲಾಗಲಿಲ್ಲ. ಬದಲಾದ ಮುಖ್ಯ ನಿಯಮ ಒಂದೇ: ಚೆಂಡು ಎರಡು ಸಲ ಪುಟಿಯಬಹುದು. ಎರಡನೆಯ ಪುಟಿತವು ಅಂಕಣದ ಗೆರೆಯಿಂದಾಚೆ ಬಿದ್ದರೂ ಅಡ್ಡಿಯಿಲ್ಲ.

ಇದರಿಂದ ಆಟವು ಸುಲಭವಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ಆಟವನ್ನು ಹತ್ತಿರದಿಂದ ನೋಡಿದವರಿಗೆ ಈ ಸಂದೇಹ ಉಳಿಯುವುದಿಲ್ಲ. ಕಾಲಿನ ಮೇಲೆ ನಿಂತವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಚೆಂಡನ್ನು ಹೊಡೆಯಬಲ್ಲನು. ಗಾಲಿಕುರ್ಚಿಯು ಪಕ್ಕಕ್ಕೆ ಸರಿಯದು. ಅದು ಮುಂದಕ್ಕೆ ಅಥವಾ ಹಿಂದಕ್ಕೆ ಉರುಳಬೇಕು, ಇಲ್ಲವೇ ತಿರುಗಬೇಕು. ರ‍್ಯಾಕೆಟ್ಟನ್ನು ಹಿಡಿದ ಕೈಯೇ ಗಾಲಿಯನ್ನೂ ತಳ್ಳಬೇಕು. ಕುರ್ಚಿಯು ಪೂರ್ತಿ ನಿಂತುಬಿಟ್ಟರೆ ಅದನ್ನು ಮತ್ತೆ ಚಲಿಸುವಂತೆ ಮಾಡಲು ಅಮೂಲ್ಯವಾದ ಕ್ಷಣಗಳು ಕಳೆದುಹೋಗುತ್ತವೆ. ಆದುದರಿಂದ ಆಟಗಾರನು ಕುರ್ಚಿಯನ್ನು ಸದಾ ಚಲನೆಯಲ್ಲಿರಿಸಿ, ಚೆಂಡು ಎಲ್ಲಿ ಬೀಳುವುದೆಂಬುದನ್ನು ಮೊದಲೇ ಊಹಿಸಬೇಕು. ವೇಗವಾಗಿ ತಿರುಗುವಾಗ ಮಗುಚದಿರಲೆಂದು ಈ ಕುರ್ಚಿಯ ಗಾಲಿಗಳನ್ನು ಕೆಳಭಾಗದಲ್ಲಿ ಅಗಲವಾಗುವಂತೆ ಓರೆಯಾಗಿ ಜೋಡಿಸಿರುತ್ತಾರೆ. ಹಿಂದೆ ಒಂದು ಪುಟ್ಟ ಗಾಲಿಯೂ ಇರುತ್ತದೆ. ನಿಯಮದ ದೃಷ್ಟಿಯಲ್ಲಿ ಕುರ್ಚಿಯು ಆಟಗಾರನ ದೇಹದ ಭಾಗವೇ. ಆಟದ ನಡುವೆ ಚೆಂಡು ಕುರ್ಚಿಗೆ ತಗುಲಿದರೆ ಅಂಕವು ಎದುರಾಳಿಗೆ ಸಲ್ಲುತ್ತದೆ. ಎರಡನೆಯ ಪುಟಿತವು ದಯೆಯಿಂದ ಕೊಟ್ಟ ರಿಯಾಯಿತಿಯಲ್ಲ. ಕಾಲಿಗೂ ಗಾಲಿಗೂ ಇರುವ ವ್ಯತ್ಯಾಸವನ್ನು ತೂಗಿ ನೋಡಿ ಮಾಡಿದ ನ್ಯಾಯ.

ಈ ಆಟವು 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ರೀಡೆಯಾಗಿ ಕಾಣಿಸಿಕೊಂಡಿತು; 1992ರ ಬಾರ್ಸಿಲೋನ ಕೂಟದಲ್ಲಿ ಪದಕಕ್ರೀಡೆಯಾಯಿತು. ಹುಲ್ಲಿನ ಮೇಲೆ ಗಾಲಿಗಳು ಸರಾಗವಾಗಿ ಉರುಳುವುದಿಲ್ಲ. ಆದರೂ ವಿಂಬಲ್ಡನ್ನಿನ ಹುಲ್ಲಿನ ಅಂಕಣವು 2016ರಲ್ಲಿ ಗಾಲಿಕುರ್ಚಿಯ ಸಿಂಗಲ್ಸ್ ಸ್ಪರ್ಧೆಗೂ ತೆರೆದುಕೊಂಡಿತು. ನೆದರ್ಲೆಂಡ್ಸ್‌ನ ಎಸ್ತರ್ ವರ್ಗೀರ್ ಬಾಲ್ಯದಲ್ಲಿಯೇ ಕಾಲುಗಳ ಶಕ್ತಿಯನ್ನು ಕಳೆದುಕೊಂಡವರು. ಅವರು 2003ರಿಂದ 2013ರಲ್ಲಿ ನಿವೃತ್ತರಾಗುವವರೆಗೆ ಸಿಂಗಲ್ಸ್ ವಿಭಾಗದಲ್ಲಿ ಸತತವಾಗಿ 470 ಪಂದ್ಯಗಳನ್ನು ಗೆದ್ದರು. ಈ ಸಾಧನೆಯ ಮುಂದೆ ಕನಿಕರಕ್ಕೆ ಎಡೆಯೆಲ್ಲಿ?

ಕಾಲಿಲ್ಲದವರಿಗೆ ಗಾಲಿ ಒದಗಿತು. ಕಣ್ಣಿಲ್ಲದವರಿಗೆ ಏನು ಒದಗೀತು? ಜಪಾನಿನ ಮಿಯೋಶಿ ತಕೆಯಿ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವನು. ಆ ನಾಡಿನ ಅಂಧರು ಆಡುತ್ತಿದ್ದ ಚೆಂಡಾಟಗಳಲ್ಲಿ ಚೆಂಡು ಹೆಚ್ಚಾಗಿ ಉರುಳುತ್ತಿತ್ತು. ಗಾಳಿಯಲ್ಲಿ ಹಾರಿಬರುವ ಚೆಂಡನ್ನು ಹೊಡೆಯಬೇಕೆಂಬ ಆಸೆ ಈ ವಿದ್ಯಾರ್ಥಿಯದು. 1984ರ ಸುಮಾರಿನಲ್ಲಿ ಆತನು ತನ್ನ ಗುರುವಿನ ನೆರವಿನಿಂದ ಪ್ರಯೋಗಗಳಿಗೆ ತೊಡಗಿದನು. ಕೊನೆಗೆ ಸ್ಪಂಜಿನ ಚೆಂಡೊಂದು ರೂಪುಗೊಂಡಿತು. ಅದರೊಳಗೆ ಪುಟ್ಟ ಪ್ಲಾಸ್ಟಿಕ್ ಚೆಂಡು. ಅದರೊಳಗೆ ಗಲಗಲನೆ ಸದ್ದು ಮಾಡುವ ಚಿಕ್ಕ ಗುಂಡುಗಳು. ಈ ಆಟದ ಅಂಕಣ ಕಿರಿದು. ಗೆರೆಗಳ ಅಡಿಯಲ್ಲಿ ದಾರವನ್ನಿಟ್ಟು ಅಂಟುಪಟ್ಟಿ ಹಚ್ಚಿರುತ್ತಾರೆ. ಆಟಗಾರನು ತಾನು ನಿಂತಿರುವ ಸ್ಥಳವನ್ನು ಪಾದದಿಂದಲೇ ಅರಿಯುತ್ತಾನೆ. ಪೂರ್ಣ ಅಂಧರಾದವರಿಗೆ ಚೆಂಡು ಮೂರು ಸಲ ಪುಟಿಯುವವರೆಗೆ ಅವಕಾಶವಿದೆ. ಆಟ ಆರಂಭಿಸುವವನು ಸಿದ್ಧವೇ ಎಂದು ಕೇಳಿ, ಎದುರಾಳಿಯ ಉತ್ತರ ಬಂದ ಮೇಲೆಯೇ ಹೊಡೆಯಬೇಕು. ಆಗ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಚೆಂಡು ಆಟದಲ್ಲಿರುವವರೆಗೆ ಚಪ್ಪಾಳೆಯೂ ಅಡಚಣೆಯೇ. ಇಲ್ಲಿ ಮೌನವೇ ಪ್ರೋತ್ಸಾಹ.

ಇದೇ ವಿವೇಕವು ಬೇರೆಡೆಗಳಲ್ಲಿಯೂ ಕೆಲಸ ಮಾಡಿದೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆ ಮೆಲ್ಲಗೆ ಪುಟಿಯುವ ಚೆಂಡು, ಚಿಕ್ಕ ಅಂಕಣ, ಒಂದೊಂದೇ ಹಂತದ ಪಾಠ. ಕೈಗಳಲ್ಲಿಯೂ ಬಲ ಸಾಲದವರಿಗೆ ರ‍್ಯಾಕೆಟ್ಟನ್ನು ಅಂಗೈಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಅನುಮತಿ. ಇಂಥವರ ಪ್ರತ್ಯೇಕ ವಿಭಾಗವು 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು. ಕೈಕಾಲುಗಳೆರಡೂ ದುರ್ಬಲವಾಗಿದ್ದ ಬೆಂಗಳೂರಿನ ಬೋನಿಫೇಸ್ ಪ್ರಭು ಭಾರತದಲ್ಲಿ ಗಾಲಿಕುರ್ಚಿ ಟೆನಿಸ್ಸಿಗೆ ದಾರಿ ತೋರಿದವರಲ್ಲಿ ಒಬ್ಬರು. ಅವರಿಗೆ 2014ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ನೆಪ ಹೇಳುವವರಿಗೆ ಅದು ತಕ್ಕ ಮಾತು. ಆದರೆ ಕೆಲವೊಮ್ಮೆ ನೆಲವೇ ನಿಜವಾಗಿ ಡೊಂಕಾಗಿರುವುದೂ ಉಂಟು. ಮೆಟ್ಟಿಲುಗಳು ಮಾತ್ರವಿದ್ದು ಇಳಿಜಾರಿಲ್ಲದ ಶಾಲೆ, ಒಬ್ಬನನ್ನು ಮೂಲೆಯಲ್ಲಿ ಕೂರಿಸಿ ಉಳಿದವರು ಆಡುವ ಮೈದಾನ ಇವೆಲ್ಲ ಡೊಂಕು ನೆಲಗಳೇ. ನಿಯಮಗಳನ್ನು ಮಾಡಿದವರು ಮನುಷ್ಯರು. ಅವುಗಳನ್ನು ತಿದ್ದಬಲ್ಲವರೂ ಮನುಷ್ಯರೇ. ಚೆಂಡಿಗೆ ಇನ್ನೊಂದು ಪುಟಿತದ ಅವಕಾಶ ಕೊಟ್ಟರೆ ಆಟವೇನೂ ಕುಂದುವುದಿಲ್ಲ. ಆಡುವವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ.