ನೋವು ಹೋಯ್ತು ಅಂದ್ರೆ ಗಾಯ ವಾಸಿಯಾಯ್ತು ಅಂತಲ್ಲ

ಮಳೆ ನಿಂತು ಗದ್ದೆ ಕೊಯ್ಲು ಮುಗಿದರೆ ನಮ್ಮ ಶಿರಾಲಿ ಕಡೆ ಪಂದ್ಯಾಟಗಳ ಕಾಲ. ಕೊಯ್ದ ಗದ್ದೆಯಲ್ಲಿ ಅಂಡರ್ ಆರ್ಮ್ ಕ್ರಿಕೆಟ್, ರಾತ್ರಿ ಹೊನಲು ಬೆಳಕಿನ ವಾಲಿಬಾಲ್, ಅಳ್ವೇಕೋಡಿ ಕಡಲ ತೀರದಲ್ಲಿ ಫುಟ್ಬಾಲ್. ಆಡುವುದು ತಪ್ಪಲ್ಲ. ಪ್ರವಾದಿ (ಸ) ರವರು ಆಯಿಷಾ ಬೀವಿಯವರೊಂದಿಗೆ ಓಟದ ಪಂದ್ಯ ನಡೆಸಿದ್ದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಸೀಸನ್ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಮಸೀದಿಯಲ್ಲಿ ಅರುವತ್ತು ದಾಟಿದವರಿಗೆಂದು ಇಟ್ಟ ಕುರ್ಚಿಗಳಲ್ಲಿ ಇಪ್ಪತ್ತೈದರ ಹುಡುಗರು ಕೂತಿರುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಥೆ ಹೇಳುತ್ತೇನೆ, ಅವನ ಒಪ್ಪಿಗೆ ಪಡೆದೇ. ದುಬೈಯ ಸೂಪರ್ ಮಾರ್ಕೆಟ್ ಒಂದರಲ್ಲಿ ಕೆಲಸ. ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದ. ಬಂದ ನಾಲ್ಕನೇ ದಿನವೇ ವಾಲಿಬಾಲ್ ಅಂಗಣಕ್ಕಿಳಿದ. ಎರಡು ವರ್ಷದಿಂದ ಆಟ ಮುಟ್ಟದ ಕಾಲು, ಮೇಲೆ ಹಾರಿ ಸ್ಮ್ಯಾಶ್ ಹೊಡೆದು ಕೆಳಗಿಳಿಯುವಾಗ ಮೊಣಕಾಲು ತಿರುಚಿತು. ಒಳಗೆ ‘ಟಕ್’ ಅಂತ ಶಬ್ದ ಬಂತಂತೆ. ರಾತ್ರಿಯೊಳಗೆ ಗಂಟು ತೆಂಗಿನಕಾಯಿಯಷ್ಟು ಊದಿತು.

ಮನೆಯವರು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಬಿಸಿ ಎಣ್ಣೆ ಹಾಕಿ ತಿಕ್ಕಿಸಿದರು, ಎಳೆಸಿದರು. ಮೂರು ವಾರಕ್ಕೆ ಊತ ಇಳಿಯಿತು, ನೋವೂ ಹೋಯಿತು. ‘ಸರಿಯಾಯ್ತು ಉಸ್ತಾದ್ರೇ’ ಅಂತ ನನ್ನ ಮುಂದೆಯೇ ನಡೆದು ತೋರಿಸಿದ. ಮರುವಾರ ಗದ್ದೆ ಕ್ರಿಕೆಟ್‌ನಲ್ಲಿ ಎರಡನೇ ರನ್ನಿಗೆ ತಿರುಗುವಾಗ ಅದೇ ಮೊಣಕಾಲು ಮುರಿದ ಕೋಲಿನಂತೆ ಕುಸಿಯಿತು. ಎಂಆರ್‌ಐ ಮಾಡಿಸಿದಾಗ ಎಸಿಎಲ್ ಎಂಬ ಲಿಗಮೆಂಟ್ ತುಂಡಾಗಿತ್ತು, ಗಂಟಿನೊಳಗಿನ ಮೆತ್ತೆಯೂ ಹರಿದಿತ್ತು. ಲಿಗಮೆಂಟ್ ಮೊದಲ ದಿನವೇ ಹೋಗಿರಬೇಕು, ಮೆತ್ತೆ ಹರಿದದ್ದು ಎರಡನೇ ಸಲ ಆಡಿದ್ದರಿಂದ ಇರಬಹುದು ಅಂತ ಡಾಕ್ಟರ್ ಹೇಳಿದರು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಲ್ಲಿನ ವೀಸಾ ಉಳಿಯುವುದು ಕಷ್ಟ. ಮನೆ ಸಾಲ, ತಂಗಿಯ ಮದುವೆ ಎಲ್ಲ ಆ ಒಂದು ಗಂಟಿನ ಮೇಲೆ ನಿಂತಿತ್ತು.

ಮೊದಲ ಎರಡು–ಮೂರು ದಿನ ಏನು ಮಾಡಬೇಕು ಅನ್ನುವುದನ್ನು ಪ್ರತಿ ಮನೆಯ ಉಮ್ಮಂದಿರೂ ತಿಳಿದಿರಲಿ. ಆಟ ಅಲ್ಲಿಗೇ ನಿಲ್ಲಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು–ಹದಿನೈದು ನಿಮಿಷ ಇಟ್ಟು ತೆಗೆಯಿರಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ತುಂಬಾ ಬಿಗಿ ಬೇಡ. ಮಲಗುವಾಗ ಕಾಲಿನಡಿ ದಿಂಬು ಇಡಿ. ಬಿಸಿ ಶಾಖ, ಎಣ್ಣೆ ತಿಕ್ಕುವುದು, ಎಳೆಯುವುದು ಬೇಡವೇ ಬೇಡ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ, ಎಲುಬು ಬಿರುಕು ಬಿಟ್ಟಿದ್ದರೆ ಜರುಗಲೂಬಹುದು. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಎಲುಬಿನ ಮೇಲೆಯೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಆಗಲೇಬೇಕು.

ಹಾಗಂತ ತಿಂಗಳುಗಟ್ಟಲೆ ಮಲಗುವುದೂ ಮದ್ದಲ್ಲ. ಐಸ್ ಮತ್ತು ವಿಶ್ರಾಂತಿಯ ಸೂತ್ರವನ್ನು 1978ರಲ್ಲಿ ಹೇಳಿದ್ದು ಅಮೆರಿಕದ ಡಾ. ಗೇಬ್ ಮಿರ್ಕಿನ್. ಐಸೂ ಪೂರ್ತಿ ವಿಶ್ರಾಂತಿಯೂ ಅತಿಯಾದರೆ ವಾಸಿಯಾಗುವುದನ್ನೇ ತಡ ಮಾಡಬಹುದು ಅಂತ ಮುಂದೆ ಅವರೇ ತಿದ್ದಿಕೊಂಡರು. ಸಾಮಾನ್ಯ ಉಳುಕಾದರೆ ಕೆಲವು ದಿನ ಕಳೆದ ಮೇಲೆ ನೋವಿನ ಮಿತಿಯೊಳಗೆ ಕಾಲು ಆಡಿಸಲು ಶುರು ಮಾಡಬೇಕು. ಫಿಸಿಯೋಥೆರಪಿ ಕೆಲಸ ಅಲ್ಲಿಂದಲೇ.

ನಮ್ಮಲ್ಲಿ ಫಿಸಿಯೋ ಅಂದರೆ ಕರೆಂಟ್ ಕೊಡುವುದು, ಮಸಾಜ್ ಮಾಡುವುದು ಅಂತಲೇ ತಿಳುವಳಿಕೆ. ಆಪರೇಷನ್‌ಗೆ ಚಿನ್ನ ಅಡವಿಟ್ಟು ಲಕ್ಷ ಸುರಿಯುತ್ತೇವೆ, ವ್ಯಾಯಾಮ ಮಾತ್ರ ಎರಡನೇ ವಾರಕ್ಕೇ ಬಿಡುತ್ತೇವೆ. ಈ ಹುಡುಗನೂ ಬಿಟ್ಟಿದ್ದ. ಅವನನ್ನು ಬೈಯಲೂ ಆಗದು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಕೂಗಿ ಕೂಗಿ ಸಾಕಾಗಿದೆ. ಮಣಿಪಾಲವೋ ಮಂಗಳೂರೋ ಅಂತ ಹೋಗಿ ಬರುವುದಕ್ಕೆ ಒಂದಿಡೀ ದಿನ ಬೇಕು. ಕೊನೆಗೆ ಫಿಸಿಯೋದವರೇ ದಾರಿ ಮಾಡಿಕೊಟ್ಟರು. ವ್ಯಾಯಾಮಗಳನ್ನು ಕಾಗದದಲ್ಲಿ ಬರೆದುಕೊಟ್ಟು, ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ನೋಡುತ್ತಾರೆ, ತಿಂಗಳಿಗೊಮ್ಮೆ ಇವನು ಹೋಗುತ್ತಾನೆ.

ಬೇಕಾದದ್ದು ಒಂದು ಟವಲ್, ಒಂದು ಮೆಟ್ಟಿಲು. ಸುತ್ತಿದ ಟವಲನ್ನು ಮೊಣಕಾಲಿನಡಿ ಇಟ್ಟು ಒತ್ತಿ ಐದು ಸೆಕೆಂಡ್ ಹಿಡಿಯುವುದು. ಕಾಲು ನೀಟ ಇಟ್ಟು ಮೇಲೆತ್ತುವುದು. ಹಿಮ್ಮಡಿ ಜಾರಿಸುತ್ತಾ ಗಂಟು ಮಡಚುವುದು. ಮುಂದೆ ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು, ಅರ್ಧ ಕೂತು ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಪ್ರತಿ ಸಲ ಹೋದಾಗಲೂ ಎರಡೂ ತೊಡೆಗಳನ್ನು ಟೇಪ್ ಹಿಡಿದು ಅಳೆಯುತ್ತಾರಂತೆ. ಪೆಟ್ಟಾದ ಕಾಲಿನ ತೊಡೆ ಸಣಕಲಾಗಿರುವುದು ನೋಡಿದ ಮೇಲೆಯೇ ಅವನಿಗೆ ಬುದ್ಧಿ ಬಂದದ್ದು. ಎಸಿಎಲ್ ಆಪರೇಷನ್ ಆದವರು ಓಡಿ, ತಿರುಗಿ, ಹಾರುವ ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯಬೇಕು. ತಿಂಗಳ ಲೆಕ್ಕ ಮಾತ್ರವಲ್ಲ, ಎರಡೂ ಕಾಲಿನ ಬಲ ಹೆಚ್ಚುಕಮ್ಮಿ ಒಂದೇ ಆಗಿರಬೇಕು.

ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್‌ರನ್ನು ನೆನಪು ಮಾಡಿಕೊಳ್ಳಿ. 2023ರ ಮೇ 1ರಂದು ಲಖನೌದಲ್ಲಿ ಫೀಲ್ಡಿಂಗ್ ಮಾಡುವಾಗ ಬಲ ತೊಡೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆಯಾಯಿತು. ಜೂನ್‌ನ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಕೈತಪ್ಪಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಸಣ್ಣ ನೋವಿದೆ ಅಂತ ಮೊದಲ ಎರಡು ಪಂದ್ಯ ಹೊರಗೇ ಕೂತರು. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಎದುರು ಇಳಿದು ಅಜೇಯ 111 ಹೊಡೆದರು. ಆ ಶತಕ ನೋಡಿ ಇಲ್ಲಿ ಪಟಾಕಿ ಹೊಡೆದ ನಮ್ಮ ಹುಡುಗರಲ್ಲಿ ಎಷ್ಟು ಜನ ಆ ಎರಡು ಪಂದ್ಯ ಬಿಟ್ಟದ್ದನ್ನು ಗಮನಿಸಿದ್ದಾರೆ?

ಪೆಟ್ಟಾಗದಂತೆ ನೋಡಿಕೊಳ್ಳುವುದಕ್ಕೆ ದುಡ್ಡೇ ಬೇಡ. ಫಿಫಾದವರ ‘11+’ ಎಂಬ ಇಪ್ಪತ್ತು ನಿಮಿಷದ ವಾರ್ಮಪ್ ಇದೆ. ನಿಧಾನ ಓಟ, ತೊಡೆ–ಸೊಂಟದ ಬಲ, ಒಂಟಿ ಕಾಲಿನ ಸಮತೋಲನ, ಹಾರಿ ಸರಿಯಾಗಿ ಇಳಿಯುವ ಅಭ್ಯಾಸ. ನಾರ್ವೆಯ 125 ಕ್ಲಬ್‌ಗಳಲ್ಲಿ 13ರಿಂದ 17 ವಯಸ್ಸಿನ ಹುಡುಗಿಯರ ಮೇಲೆ ಪರೀಕ್ಷಿಸಿದಾಗ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. 2008ರಲ್ಲಿ ಅದು ಪ್ರಕಟವಾಗಿದೆ. ನಮ್ಮ ಪಂದ್ಯಾಟಗಳಲ್ಲಿ ಉದ್ಘಾಟನಾ ಭಾಷಣಕ್ಕೆ ಒಂದು ಗಂಟೆ ಸಿಗುತ್ತದೆ, ವಾರ್ಮಪ್‌ಗೆ ಐದು ನಿಮಿಷ ಸಿಗುವುದಿಲ್ಲ. ಆಯೋಜಕರು ಗದ್ದೆಯ ಕೂಳೆ, ಹೊಂಡಗಳನ್ನಾದರೂ ಸಮ ಮಾಡಲಿ. ರಜೆಯಲ್ಲಿ ಬಂದವರು ಪಂದ್ಯಕ್ಕೆ ಇಳಿಯುವ ಮೊದಲು ಎರಡು–ಮೂರು ವಾರ ಓಡಿ, ಹಾರಿ ಕಾಲು ತಯಾರು ಮಾಡಿಕೊಳ್ಳಲಿ. ಶುಗರ್ ಇದೆ ಅಂತ ಹವಾಯಿ ಚಪ್ಪಲಿಯಲ್ಲೇ ಒಮ್ಮೆಲೇ ನಾಲ್ಕು ಕಿಲೋಮೀಟರ್ ನಡೆದು ಹಿಮ್ಮಡಿ ನೋವು ತಂದುಕೊಳ್ಳುವ ಉಮ್ಮಂದಿರಿಗೂ ಇದೇ ಮಾತು: ಶೂ ಹಾಕಿ, ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಗಂಡಸರ ಮುಂದೆ ಕಾಲು ತೋರಿಸುವುದು ಹೇಗೆ ಅಂತ ನೋವು ನುಂಗುವುದು ಬೇಡ. ದೇರಳಕಟ್ಟೆಯ ಯೆನೆಪೋಯ, ಕಣಚೂರಿನಂಥ ನಮ್ಮವರೇ ಕಟ್ಟಿದ ಸಂಸ್ಥೆಗಳಲ್ಲೂ ಫಿಸಿಯೋಥೆರಪಿ ಕಲಿಸುತ್ತಾರೆ. ಮಹಿಳಾ ಫಿಸಿಯೋ ಬೇಕು ಅಂತ ಕೇಳಿ ಪಡೆಯಿರಿ.

ಇನ್ನು ನಮಾಝಿನ ಮಾತು. ಕುರ್ಚಿಯಲ್ಲಿ ಕೂರಲು ನಾಚಿಕೆಯಾಗಿ ಈ ಹುಡುಗ ಎರಡು ಜುಮುಆ ಬಿಟ್ಟಿದ್ದ. ನಿಲ್ಲಲಾಗದಿದ್ದರೆ ಕೂತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಇಮ್ರಾನ್ ಬಿನ್ ಹುಸೈನ್‌ರಿಗೆ ಪ್ರವಾದಿಯವರು (ಸ) ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ನಿಲ್ಲಲು ಆಗುವವನು ನಿಂತೇ ಶುರು ಮಾಡಲಿ, ಗಂಟು ಮಡಚಲಾಗದ ಕಡೆ ಮಾತ್ರ ಕುರ್ಚಿ ಬಳಸಲಿ. ಬ್ಯಾಂಡೇಜ್ ಬಿಚ್ಚಿದರೆ ತೊಂದರೆಯಿಲ್ಲ ಅಂತ ಡಾಕ್ಟರ್ ಹೇಳಿದರೆ ಬಿಚ್ಚಿ ವುಝೂ ಮಾಡಬೇಕು. ಬಿಚ್ಚಬಾರದು ಅಂದರೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಆಗುವಷ್ಟು ಭಾಗ ತೊಳೆದು, ಪಟ್ಟಿಯ ಮೇಲೆ ಒದ್ದೆ ಕೈ ಸವರಿ, ತಯಮ್ಮುಮ್ ಕೂಡ ಮಾಡಬೇಕು. ಉಳಿದ ವಿವರ ನಿಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿ.

ಅವನಿಗೆ ಈಗ ಏಳನೇ ತಿಂಗಳು. ವೀಸಾ ಹೋಯಿತು, ಹೊಸದಕ್ಕೆ ಓಡಾಡುತ್ತಿದ್ದಾನೆ. ಕಳೆದ ವಾರ ಗಂಟು ಪೂರ್ತಿ ಮಡಚಿ ಅತ್ತಹಿಯ್ಯಾತ್‌ಗೆ ಕೂತ. ಈ ಸಲದ ಪಂದ್ಯಾಟದಲ್ಲಿ ಸ್ಕೋರ್ ಬರೆಯುವ ಕೆಲಸ ವಹಿಸಿಕೊಂಡಿದ್ದಾನೆ. ಆಟ ಶುರುವಾಗುವ ಮೊದಲು ಎರಡೂ ತಂಡಗಳಿಗೆ ವಾರ್ಮಪ್ ಮಾಡಿಸುವುದೂ ಅವನೇ.