ಮೇಲ್ಮನೆಯ ಒಂದು ದಿನ: ಪ್ರಶ್ನೆ, ಠರಾವು, ಮಸೂದೆ

ಅಧಿವೇಶನ ಶುರುವಾದರೆ ಸಾಕು, ಪತ್ರಿಕೆಯಲ್ಲಿ ‘ಪರಿಷತ್ತಿನಲ್ಲಿ ಗದ್ದಲ, ಕಲಾಪ ಮುಂದೂಡಿಕೆ’ ಎಂಬ ತಲೆಬರಹ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಉರ್ದು ಪತ್ರಿಕೆಗಳು ಈ ಸದನವನ್ನು ‘ಐವಾನ್-ಎ-ಬಾಲಾ’ ಎನ್ನುತ್ತವೆ. ನಾವು ಮೇಲ್ಮನೆ ಎನ್ನುತ್ತೇವೆ. ಹೆಸರಿನಲ್ಲೇನೋ ಎತ್ತರ ಇದೆ. ಆದರೆ ಅಲ್ಲಿ ಒಂದು ದಿನ ಏನೇನು ನಡೆಯುತ್ತದೆ ಎಂದು ಕೇಳಿದರೆ ಪದವಿ ಮುಗಿಸಿದ ಹುಡುಗರೂ ತಲೆ ಕೆರೆದುಕೊಳ್ಳುತ್ತಾರೆ. ‘ಚುನಾವಣೆಯಲ್ಲಿ ಸೋತವರಿಗೆ ಹಿಂಬಾಗಿಲು’ ಎಂದು ಹೇಳಿ ಮಾತು ಮುಗಿಸುವವರೇ ಹೆಚ್ಚು. ಆ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಪೂರ್ತಿ ಇಲ್ಲ. ಆ ಮನೆಗೆ ಇರುವ ಒಂದು ಬಾಗಿಲಿನ ಕೀಲಿ ನಿಮ್ಮ ಪದವಿ ಪ್ರಮಾಣಪತ್ರದಲ್ಲೇ ಇದೆ. ಅದನ್ನು ಕೊನೆಗೆ ನೋಡೋಣ. ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ ಬರೋಣ.

ಮನೆ ಯಾರದು?

ಇಂದು ದೇಶದಲ್ಲಿ ಆರು ರಾಜ್ಯಗಳಿಗೆ ಮಾತ್ರ ವಿಧಾನ ಪರಿಷತ್ತು ಇದೆ: ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಬಿಹಾರ, ಉತ್ತರಪ್ರದೇಶ. ಸಂವಿಧಾನದ 171ನೇ ವಿಧಿ ಅದರ ರಚನೆಯನ್ನು ಹೇಳುತ್ತದೆ. ಕರ್ನಾಟಕದಲ್ಲಿ ಒಟ್ಟು 75 ಸದಸ್ಯರು. ಶಾಸಕರು ಆರಿಸುವವರು 25, ಪಂಚಾಯಿತಿ, ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುವವರು 25, ಪದವೀಧರರು ಆರಿಸುವವರು 7, ಶಿಕ್ಷಕರು ಆರಿಸುವವರು 7, ರಾಜ್ಯಪಾಲರು ನಾಮನಿರ್ದೇಶನ ಮಾಡುವವರು 11. ಮಹಾರಾಷ್ಟ್ರದಲ್ಲಿ 78. ಅಲ್ಲೂ ಪದವೀಧರರಿಗೆ 7, ಶಿಕ್ಷಕರಿಗೆ 7. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿಯಾಗುತ್ತದೆ. ಹಾಗಾಗಿ ವಿಧಾನಸಭೆಯಂತೆ ಈ ಮನೆ ಒಮ್ಮೆಲೇ ವಿಸರ್ಜನೆಯಾಗುವುದಿಲ್ಲ.

ದಿನದ ಕೆಲಸ

ಗಂಟೆ ಬಾರಿಸುತ್ತದೆ, ಸಭಾಪತಿಗಳು ಪೀಠಕ್ಕೆ ಬರುತ್ತಾರೆ. ಕನಿಷ್ಠ ಹತ್ತು ಜನ, ಇಲ್ಲವೇ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಜನ ಇರಬೇಕು. ಇದೇ ಕೋರಂ. ಗಣ್ಯರು ಯಾರಾದರೂ ತೀರಿಕೊಂಡಿದ್ದರೆ ಮೊದಲು ಸಂತಾಪ ಸೂಚನೆ.

ಆಮೇಲೆ ಪ್ರಶ್ನೋತ್ತರ ವೇಳೆ. ಉರ್ದುವಿನಲ್ಲಿ ‘ವಕ್ಫಾ-ಎ-ಸವಾಲಾತ್’. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ನಿಂತು ಉತ್ತರಿಸಬೇಕು. ಸದಸ್ಯರು ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಕರ್ನಾಟಕದ ಪ್ರಶ್ನೆಗಳನ್ನು ಒಮ್ಮೆ ತೆಗೆದು ನೋಡಿ: (ಅ), (ಆ), (ಇ) ಎಂದು ಭಾಗ ಮಾಡಿರುತ್ತಾರೆ. ‘ಇಂಥ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂಬುದು ಒಂದು. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂಬುದು ಮತ್ತೊಂದು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಕ್ಕೆ ದಾರಿ ಬಿಡುವುದೂ ಬಿಡದಿರುವುದೂ ಪ್ರಶ್ನೆ ಬರೆದವರ ಜಾಣ್ಮೆಗೆ ಸೇರಿದ್ದು. ‘ಉರ್ದು ಶಾಲೆಗಳ ಸ್ಥಿತಿ ಹೇಗಿದೆ?’ ಎಂದು ಕೇಳಿದರೆ ‘ಉತ್ತಮವಾಗಿದೆ’ ಅನ್ನಬಹುದು. ‘ಈ ತಾಲೂಕಿನ ಉರ್ದು ಪ್ರೌಢಶಾಲೆಗಳಲ್ಲಿ ಮಂಜೂರಾದ ಗಣಿತ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗಿನಿಂದ ಖಾಲಿ, ಯಾವಾಗ ಭರ್ತಿ?’ ಎಂದು ಕೇಳಿದರೆ ಸಂಖ್ಯೆ ಕೊಡಲೇಬೇಕು. ಸದನದಲ್ಲಿ ಕೊಟ್ಟ ಸಂಖ್ಯೆ ದಾಖಲೆಯಾಗಿ ಉಳಿಯುತ್ತದೆ. ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಬಹುದು.

ನಂತರ ಶೂನ್ಯ ವೇಳೆ. ತುರ್ತು ವಿಷಯಗಳನ್ನು ಎರಡು ಮಾತಿನಲ್ಲಿ ಎತ್ತುವ ಹೊತ್ತು. ಅದಾದ ಮೇಲೆ ಗಮನ ಸೆಳೆಯುವ ಸೂಚನೆಗಳು. ಕರ್ನಾಟಕ ಪರಿಷತ್ತಿನ ವರದಿಗಳಲ್ಲಿ ‘ನಿಯಮ 72’, ‘ನಿಯಮ 330’ ಎಂದು ಓದುತ್ತೀರಲ್ಲ, ಅವು ಸಾರ್ವಜನಿಕ ಮಹತ್ವದ ವಿಷಯಗಳನ್ನು ಸದನದ ಮುಂದೆ ತರುವ ದಾರಿಗಳು. ಮಹಾರಾಷ್ಟ್ರದಲ್ಲಿ ಇಂಥದ್ದಕ್ಕೆ ‘ಲಕ್ಷವೇಧೀ ಸೂಚನಾ’ ಎನ್ನುತ್ತಾರೆ. ವರದಿಗಳ ಮಂಡನೆ, ಠರಾವು, ಮಸೂದೆ ಇವೂ ದಿನದ ಕಾರ್ಯಕ್ರಮ ಪಟ್ಟಿಯಲ್ಲಿರುತ್ತವೆ.

ಈ ಮೂರು ಶಬ್ದಗಳನ್ನು ಬೆರೆಸಬೇಡಿ. ಪ್ರಶ್ನೆ ಮಾಹಿತಿಯನ್ನು ಹೊರಗೆಳೆಯುತ್ತದೆ. ಠರಾವು ಅಥವಾ ನಿರ್ಣಯ ಎಂದರೆ ಸದನದ ಅಭಿಪ್ರಾಯ, ಉರ್ದುವಿನ ‘ಕರಾರ್‌ದಾದ್’. ಮಸೂದೆ ಕಾನೂನಿನ ಕರಡು. ‘ಮಸೂದೆ’ ನಮ್ಮ ಉರ್ದುವಿನ ‘ಮುಸವ್ವದಾ’ದಿಂದ ಬಂದ ಶಬ್ದ, ಮೂಲ ಅರ್ಥ ‘ಕಪ್ಪು ಮಾಡಿದ್ದು’, ಅಂದ್ರೆ ಶಾಯಿಯಲ್ಲಿ ಗೀಚಿದ ಕರಡು ಕಾಗದ. ಎರಡೂ ಸದನ ದಾಟಿ, ರಾಜ್ಯಪಾಲರ ಅಂಕಿತ ಬಿದ್ದ ಮೇಲೆಯೇ ಅದು ಕಾನೂನು.

ಠರಾವಿನ ತೂಕ: ಯೇವಲಾದವರೆಗೆ ಹೋದ ಒಂದು ದಿನ

ಠರಾವಿಗೂ ಕಾನೂನಿಗೂ ಎಷ್ಟು ದೂರ ಎಂದು ತಿಳಿಯಲು ಒಂದು ಹಳೆಯ ದಿನಕ್ಕೆ ಹೋಗೋಣ. 1923ರ ಆಗಸ್ಟ್ 4. ಬಾಂಬೆ ವಿಧಾನ ಪರಿಷತ್ತು. ಆಗ ಪ್ರಾಂತಕ್ಕೆ ಅದೊಂದೇ ಸದನ. ಅದು ಮೇಲ್ಮನೆಯಾದದ್ದು 1937ರಲ್ಲಿ, ಕೆಳಗೆ ವಿಧಾನಸಭೆ ಬಂದ ಮೇಲೆ. ಅಂದು ಸೀತಾರಾಮ್ ಕೇಶವ್ ಬೋಲೆ ಅವರು ಮಂಡಿಸಿದ ಠರಾವನ್ನು ಸದನ ಒಪ್ಪಿತು. ಸರ್ಕಾರಿ ಹಣದಲ್ಲಿ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಬಳಸಬಹುದು ಎಂಬುದು ಅದರ ಸಾರ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಆಗ ಬಾಂಬೆ ಪ್ರಾಂತದಲ್ಲೇ ಇದ್ದವು. ಅಂದರೆ ಅದು ನಮ್ಮ ಕಡೆಯ ಬಾವಿಗಳ ಮಾತೂ ಹೌದು.

ಠರಾವು ಪಾಸಾಯಿತು. ನೀರು ಸಿಕ್ಕಿತಾ? ಇಲ್ಲ. ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ತಾನೂ ಒಂದು ಠರಾವು ಮಾಡಿತು. ಆದರೂ ಕೆರೆಗಿಳಿಯುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಸ್ಥಳೀಯ ಸಂಸ್ಥೆಗಳು ಕಿವಿಗೆ ಹಾಕಿಕೊಳ್ಳದಿದ್ದಾಗ ಬೋಲೆ 1926ರಲ್ಲಿ ಮತ್ತೊಂದು ಠರಾವು ತಂದರು: ಪಾಲಿಸದವರಿಗೆ ಸರ್ಕಾರದ ಅನುದಾನ ನಿಲ್ಲಿಸಿ. 1927ರ ಆರಂಭದಲ್ಲಿ ಡಾ. ಅಂಬೇಡ್ಕರ್ ನಾಮನಿರ್ದೇಶಿತ ಸದಸ್ಯರಾಗಿ ಅದೇ ಪರಿಷತ್ತಿಗೆ ಬಂದರು. ಆ ವರ್ಷದ ಮಾರ್ಚ್ 20ರಂದು ಮಹಾಡ್‌ನಲ್ಲಿ ಸಾವಿರಾರು ಜನರೊಡನೆ ನಡೆದುಹೋಗಿ ಕೆರೆಯ ನೀರು ಕುಡಿದರು. ಅದಕ್ಕೆ ಸಿಕ್ಕಿದ್ದು ಏಟು, ಆಮೇಲೆ ಕೋರ್ಟು ಕಚೇರಿ. ಬಾಂಬೆ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಡುವಾಗ 1937 ಆಗಿತ್ತು.

ಈ ನಡುವೆ 1930ರಲ್ಲಿ ನಾಸಿಕ್‌ನ ಕಾಳಾರಾಮ ದೇವಾಲಯ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಬಾಗಿಲು ತೆರೆಯಲಿಲ್ಲ. ಕೊನೆಗೆ 1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯದೇ ಆದ ಯೇವಲಾ ಎಂಬ ಊರಿನ ಸಮ್ಮೇಳನದಲ್ಲಿ ಅಂಬೇಡ್ಕರ್, ತಾವು ಹಿಂದೂವಾಗಿ ಹುಟ್ಟಿದ್ದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ದೌಂಡ್ ಬಿಟ್ಟು ಮನ್ಮಾಡ್ ಸೇರುವ ಮುಂಚೆ ದಾಟುವ ಪೈಠಣಿ ಸೀರೆಯ ಊರು ಇದೇ. ಘೋಷಣೆ ನಡೆದ ಜಾಗಕ್ಕೆ ಈಗ ಮುಕ್ತಿಭೂಮಿ ಎನ್ನುತ್ತಾರೆ.

ಸದನದ ಮಾತಿಗೆ ಬೆಲೆಯೇ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಮಹಾಡ್‌ಗೆ ಹೋದವರ ಕೈಯಲ್ಲಿ ಆ ಠರಾವು ಇತ್ತು. ‘ಇದು ನಮ್ಮ ಹಕ್ಕು’ ಎನ್ನಲು ಅದು ಬಲ ಕೊಟ್ಟಿತು. ಆದರೆ ಜಾರಿ ಮಾಡಿಸುವ ಜನ ಹೊರಗೆ ಇಲ್ಲದಿದ್ದರೆ ಠರಾವು ಕಡತದಲ್ಲೇ ಮಲಗುತ್ತದೆ.

ಮಸೂದೆಯ ತೂಕ: ಧ್ವನಿಮತದ ಎರಡು ದಿನ

ಈಗ ನಮ್ಮ ಕಾಲದ, ನಮ್ಮ ರಾಜ್ಯದ ಎರಡು ದಿನ. ಜಾನುವಾರು ಹತ್ಯೆ ನಿಷೇಧ ಮಸೂದೆ 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಪಾಸಾಯಿತು. ಪರಿಷತ್ತಿನಲ್ಲಿ ಆಗ ಆಗಲಿಲ್ಲ. ಸರ್ಕಾರ ಸುಗ್ರೀವಾಜ್ಞೆ ತಂದಿತು. ಪರಿಷತ್ತು ಅದನ್ನು ಒಪ್ಪಿದ್ದು 2021ರ ಫೆಬ್ರವರಿ 8ರಂದು, ಗದ್ದಲದ ನಡುವೆ, ಧ್ವನಿಮತದಿಂದ. ಇನ್ನೊಂದು ದಿನ 2024ರ ಫೆಬ್ರವರಿ 23. ಬೇರೆ ಪಕ್ಷದ ಸರ್ಕಾರ ತಂದ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಧ್ವನಿಮತದಿಂದಲೇ ಬಿದ್ದುಹೋಯಿತು. ಅದೇ 29ರಂದು ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು.

ಧ್ವನಿಮತ ಎಂದರೆ ‘ಹೌದು’ ಅನ್ನುವವರ, ‘ಇಲ್ಲ’ ಅನ್ನುವವರ ದನಿ ಕೇಳಿ ಪೀಠ ನಿರ್ಧರಿಸುವುದು. ತಲೆ ಎಣಿಸಬೇಕೆಂದರೆ ಮತ ವಿಭಜನೆ ಕೇಳಬೇಕು. ಯಾರು ಯಾವ ಕಡೆ ನಿಂತರು ಎಂಬ ದಾಖಲೆ ಉಳಿಯುವುದು ವಿಭಜನೆಯಲ್ಲಿ ಮಾತ್ರ.

ಹಾಗಾದರೆ ಮೇಲ್ಮನೆ ಮಸೂದೆಯನ್ನು ಪೂರ್ತಿ ತಡೆಯಬಲ್ಲದೇ? ಇಲ್ಲ. 197ನೇ ವಿಧಿಯ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಇಟ್ಟುಕೊಳ್ಳಬಹುದು, ವಿಧಾನಸಭೆ ಮತ್ತೆ ಕಳಿಸಿದರೆ ಒಂದು ತಿಂಗಳು. ಅಷ್ಟೇ. ಹಣಕಾಸು ಮಸೂದೆಯಾದರೆ ಹದಿನಾಲ್ಕೇ ದಿನ. ಸರ್ಕಾರವನ್ನು ಬೀಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಮೇಲ್ಮನೆಯ ಕೈಯಲ್ಲಿರುವುದು ಸಮಯ: ಜನ ಓದಲು, ವಕೀಲರು ನೋಡಲು, ಸರ್ಕಾರ ಇನ್ನೊಮ್ಮೆ ಯೋಚಿಸಲು ಸಿಗುವ ಸಮಯ.

ಆ ಸಮಯ ವ್ಯರ್ಥವಲ್ಲ ಎನ್ನಲು ಮಹಾರಾಷ್ಟ್ರದಲ್ಲೇ ಒಂದು ಉದಾಹರಣೆ ಇದೆ. ಉದ್ಯೋಗ ಖಾತರಿ ಯೋಜನೆಯ ಹಿಂದಿನ ತಲೆ ವಿ.ಎಸ್. ಪಾಗೆ ಅವರದು. ಅವರು 1960ರಿಂದ 1978ರವರೆಗೆ ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿ. ಅವರ ವಿಚಾರ ಮೊದಲು ಪ್ರಯೋಗಕ್ಕೆ ಬಂದದ್ದು ಕರ್ನಾಟಕಕ್ಕೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯಲ್ಲಿ. 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. 2005ರಲ್ಲಿ ಕೇಂದ್ರ ತಂದ ನರೇಗಾಕ್ಕೆ ಮಾದರಿಯಾದದ್ದು ಅದೇ.

ನಿಮ್ಮ ಕೈಯ ಕೀಲಿ

ಈಗ ಆ ಬಾಗಿಲಿನ ಮಾತು. 2024ರ ಜೂನ್ 26ರಂದು ನಾಸಿಕ್ ವಿಭಾಗದ ಶಿಕ್ಷಕರ ಕ್ಷೇತ್ರಕ್ಕೆ ಮತದಾನ ನಡೆಯಿತು. ನಾಸಿಕ್, ಧುಳೆ, ನಂದುರಬಾರ್, ಜಳಗಾಂವ್, ಅಂದಿನ ಅಹ್ಮದ್‌ನಗರ, ಹೀಗೆ ಐದು ಜಿಲ್ಲೆಗೆ ಒಬ್ಬ ಸದಸ್ಯ. ಗೆದ್ದವರು ಮೇಲೆ ಹೇಳಿದ ಯೇವಲಾದವರೇ ಆದ ಕಿಶೋರ್ ದರಾಡೆ. ಒಂದು ತಾಲೂಕು ಊರಿನಿಂದ ಶಿಕ್ಷಕರ ಮತದಿಂದಲೇ ಮೇಲ್ಮನೆಗೆ ಹೋಗಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ನಮ್ಮಲ್ಲಿ ಬಸವರಾಜ ಹೊರಟ್ಟಿ ಅವರನ್ನು ನೋಡಿ. ಹುಬ್ಬಳ್ಳಿಯ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು 1980ರಲ್ಲಿ ಶಿಕ್ಷಕರ ಕ್ಷೇತ್ರದಿಂದ ಗೆದ್ದರು. 2022ರಲ್ಲಿ ಎಂಟನೇ ಸಲ ಗೆದ್ದರು. ಸಭಾಪತಿಯೂ ಆದರು.

ಈ ಕ್ಷೇತ್ರಗಳ ಮತದಾರರ ಪಟ್ಟಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಮಾಮೂಲಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಕಳೆದ ಸಲ ಹೆಸರು ಇತ್ತು ಎಂದರೂ ಸಾಲದು. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ. ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ತುಂಬಬೇಕು. ಲೆಕ್ಕಕ್ಕೆ ಹಿಡಿಯುವ ದಿನ ನವೆಂಬರ್ 1. ಅಂದಿಗೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಶಿಕ್ಷಕರಾದರೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು.

ಇಲ್ಲೇ ನಮ್ಮ ಉರ್ದು ಶಾಲೆಗಳವರಿಗೆ ಪೆಟ್ಟು ಬೀಳುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಎಷ್ಟು ವರ್ಷ ಕಲಿಸಿದರೂ ಶಿಕ್ಷಕರ ಕ್ಷೇತ್ರದಲ್ಲಿ ಮತ ಇಲ್ಲ. ಸಾಂಗ್ಲಿಯ ಜತ್ತ, ಸೊಲ್ಲಾಪುರದ ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳ ಪ್ರಾಥಮಿಕ ಶಿಕ್ಷಕರ ಪಾಡೂ ಇದೇ. ಅಲ್ಲಿನ ಪ್ರೌಢಶಾಲೆಯವರು ಪುಣೆ ವಿಭಾಗದ ಕ್ಷೇತ್ರದಲ್ಲಿ ಮತ ಹಾಕಬಹುದು, ಪ್ರಾಥಮಿಕದವರು ಹಾಕುವಂತಿಲ್ಲ. ಕನ್ನಡವಾಗಲಿ ಉರ್ದುವಾಗಲಿ, ಮಗುವಿಗೆ ಮೊದಲ ಅಕ್ಷರ ತಿದ್ದಿಸಿದವರ ದನಿ ಈ ಕ್ಷೇತ್ರದಲ್ಲಿ ಇಲ್ಲ. ಇದು ಬದಲಾಗಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು. ಆದರೆ ಅವರಲ್ಲಿ ಪದವಿ ಪಡೆದವರಿಗೆ ಪದವೀಧರರ ಕ್ಷೇತ್ರದ ಮತ ಇದೆ. ಎಷ್ಟೋ ಜನರಿಗೆ ಇದೇ ಗೊತ್ತಿಲ್ಲ. ಪದವೀಧರರಾದ ಪ್ರೌಢಶಾಲೆ ಶಿಕ್ಷಕರಿಗಂತೂ ಎರಡೂ ಕಡೆ ಹಕ್ಕಿದೆ.

ಮತ ಹಾಕುವ ರೀತಿಯೂ ಬೇರೆ. ಯಂತ್ರದ ಗುಂಡಿ ಒತ್ತುವುದಲ್ಲ. ಮತಪತ್ರದಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಅಲ್ಲಿ ಕೊಡುವ ಪೆನ್ನಿನಿಂದಲೇ, ಮೆಚ್ಚಿದವರ ಹೆಸರಿನ ಮುಂದೆ 1, ಆಮೇಲೆ ಬೇಕಿದ್ದರೆ 2, 3 ಎಂದು ಅಂಕಿ ಬರೆಯಬೇಕು. ರೈಟ್ ಗುರುತು ಹಾಕಿದರೆ, ಸಹಿ ಮಾಡಿದರೆ ಮತ ತಿರಸ್ಕೃತ. ಮಕ್ಕಳ ಉತ್ತರಪತ್ರಿಕೆ ತಿದ್ದುವ ನಮ್ಮವರ ಮತಗಳೇ ಎಣಿಕೆಯಲ್ಲಿ ತಿರಸ್ಕೃತ ರಾಶಿಗೆ ಬೀಳುವುದುಂಟು.

ಹಾಗಾಗಿ ವಿದ್ಯಾರ್ಥಿಗಳೇ, ಈ ಸಲ ಅಧಿವೇಶನ ನಡೆಯುವಾಗ ಒಂದು ದಿನದ ಪ್ರಶ್ನೋತ್ತರವನ್ನು ಪೂರ್ತಿ ಓದಿ. ಯಾವ ಪ್ರಶ್ನೆಗೆ ಸಂಖ್ಯೆ ಬಂತು, ಯಾವುದಕ್ಕೆ ಬರೀ ‘ಪರಿಶೀಲನೆಯಲ್ಲಿದೆ’ ಬಂತು, ಗುರುತು ಮಾಡಿ. ನಿಮ್ಮ ಊರಿನ ಶಾಲೆಯ ಬಗ್ಗೆ ಅಂಥದೇ ಒಂದು ಪ್ರಶ್ನೆ ನೀವೇ ಬರೆದು ನಿಮ್ಮ ಕ್ಷೇತ್ರದ ಪರಿಷತ್ ಸದಸ್ಯರಿಗೆ ಕೊಡಿ. ಮನೆಯಲ್ಲಿ ಪದವಿ ಮುಗಿಸಿದ ಅಕ್ಕ, ಭಾಭಿ, ಚಿಕ್ಕಪ್ಪ ಇದ್ದರೆ ನೋಂದಣಿ ಪ್ರಕಟಣೆ ಬಂದ ದಿನವೇ ಅವರ ಮುಂದೆ ನಮೂನೆ 18 ಇಡಿ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನು ಇಳಿಸಿ, ನಕಲು ಮಾಡಿಸಿ, ದೃಢೀಕರಿಸಿ, ಅರ್ಜಿಗೆ ಲಗತ್ತಿಸಿ. ಆ ಪದವಿಗೆ ಇಂಥದೊಂದು ಉಪಯೋಗವೂ ಇದೆ.