ಸಾಫ್ಟ್‌ವೇರ್ ವೃತ್ತಿಯ ಮೊದಲ ವರ್ಷಗಳು: ಕಲಿಕೆಗೆ ತಾಳ್ಮೆ ಏಕೆ ಬೇಕು?

ಸಾಫ್ಟ್‌ವೇರ್ ಕಂಪನಿಗೆ ತರಬೇತಿದಾರರಾಗಿ ಸೇರಿದ ಮಕ್ಕಳು ಆರು ತಿಂಗಳಾದರೂ ‘ಇನ್ನೂ ಕಲಿಯುತ್ತಿದ್ದೇನೆ’ ಎಂದರೆ ಮನೆಯವರಿಗೆ ಆತಂಕವಾಗುವುದು ಸಹಜ. ‘ಮೂರು ತಿಂಗಳಲ್ಲಿ ಡೆವಲಪರ್ ಆಗಿ’ ಎಂಬ ಜಾಹೀರಾತುಗಳು ಆ ಆತಂಕವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಪ್ರೋಗ್ರಾಮಿಂಗ್ ಭಾಷೆಯೊಂದರ ವ್ಯಾಕರಣವನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಆದರೆ ಕಂಪನಿಯಲ್ಲಿ ಎದುರಾಗುವುದು ಹಲವರು ಸೇರಿ ಹಲವು ವರ್ಷ ಬರೆದ ಕೋಡ್. ಹೊಸಬರು ಅದನ್ನು ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಅದಕ್ಕಾಗಿಯೇ ಅವರಿಗೆ ಮೊದಲು ಸಣ್ಣ ದೋಷಗಳನ್ನು ಸರಿಪಡಿಸುವ ಕೆಲಸ ಕೊಡುತ್ತಾರೆ. ಒಂದು ದೋಷದ ಮೂಲ ಹುಡುಕುತ್ತ ಹೋದಂತೆ ಇಡೀ ವ್ಯವಸ್ಥೆಯ ಪರಿಚಯವಾಗುತ್ತದೆ.

ಬರೆದ ಕೋಡನ್ನು ಹಿರಿಯರು ಪರಿಶೀಲಿಸುವ ಕ್ರಮಕ್ಕೆ ‘ಕೋಡ್ ರಿವ್ಯೂ’ ಎನ್ನುತ್ತಾರೆ. ಅಲ್ಲಿ ಬರುವ ತಿದ್ದುಪಡಿಗಳನ್ನು ಅವಮಾನವೆಂದು ಭಾವಿಸದೆ, ಕಾರಣ ಕೇಳಿ ತಿಳಿದುಕೊಳ್ಳುವವರು ಬೇಗ ಬೆಳೆಯುತ್ತಾರೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ವ್ಯವಸ್ಥೆಯಲ್ಲಿ ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ದಾಖಲೆ ಉಳಿಯುತ್ತದೆ. ತಪ್ಪಾದರೆ ಹಿಂದಿನ ರೂಪಕ್ಕೆ ಮರಳಲೂಬಹುದು. ಹಾಗಾಗಿ ಹಳೆಯ ದಾಖಲೆಗಳನ್ನು ಓದುವುದೇ ಒಂದು ಒಳ್ಳೆಯ ಪಾಠ.

ಡೇವ್ ಹೂವರ್ ಮತ್ತು ಅಡೆವಾಲೆ ಒಶಿನೆಯೆ 2009ರಲ್ಲಿ ಹೊರತಂದ ‘ಅಪ್ರೆಂಟಿಸ್‌ಶಿಪ್ ಪ್ಯಾಟರ್ನ್ಸ್’ ಪುಸ್ತಕ ಈ ಹಂತದವರಿಗಾಗಿಯೇ ಬರೆದದ್ದು. ಗೊತ್ತಿಲ್ಲದ್ದನ್ನು ಮುಚ್ಚಿಡಬೇಡಿ, ಕೆಟ್ಟರೂ ಯಾರಿಗೂ ನಷ್ಟವಾಗದ ಸಣ್ಣ ತಂತ್ರಾಂಶಗಳನ್ನು ಸ್ವಂತಕ್ಕೆ ಕಟ್ಟಿ ನೋಡಿ ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಸೇರಿದೆ. ಅರ್ಥವಾಗದಿದ್ದರೂ ತಲೆಯಾಡಿಸಿದವರ ಕೋಡ್ ಮುಂದೆ ಗ್ರಾಹಕರ ಹಣ, ಮಾಹಿತಿಗೇ ತೊಂದರೆ ತಂದೀತು.

ಅನುಭವಿಗಳಿಗೂ ಕಲಿಕೆ ತಪ್ಪದು. 2008ರಲ್ಲಿ ಪೈಥಾನ್ ಭಾಷೆಯ ಮೂರನೆಯ ಆವೃತ್ತಿ ಬಂದಾಗ ಹಳೆಯ ಕೋಡ್ ಎಷ್ಟೋ ಕಡೆ ಹಾಗೆಯೇ ನಡೆಯಲಿಲ್ಲ. ಎರಡನೆಯ ಆವೃತ್ತಿಗೆ ಅಧಿಕೃತ ಬೆಂಬಲ 2020ರ ಜನವರಿ 1ರಂದು ನಿಂತಿತು. ಅಷ್ಟರಲ್ಲಿ ಲಕ್ಷಾಂತರ ಮಂದಿ ಗೊತ್ತಿದ್ದ ಭಾಷೆಯನ್ನೇ ಮತ್ತೆ ಕಲಿಯಬೇಕಾಯಿತು.

ದಿನಕ್ಕೆ ಒಂದು ಗಂಟೆಯ ಅಭ್ಯಾಸ, ಅಂದು ತಿಳಿದದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿಡುವ ರೂಢಿ, ಉತ್ತರ ಕೇಳುವ ಮೊದಲು ತಾನೇ ಅರ್ಧ ಗಂಟೆ ಪ್ರಯತ್ನಿಸುವ ಶಿಸ್ತು ಇದ್ದರೆ ವರ್ಷದೊಳಗೆ ವ್ಯತ್ಯಾಸ ಕಾಣುತ್ತದೆ. ಹೆತ್ತವರು ಪಕ್ಕದ ಮನೆಯವರ ಸಂಬಳದೊಂದಿಗೆ ಹೋಲಿಸದೆ ಈ ಅಭ್ಯಾಸಕ್ಕೆ ಸಮಯ ಬಿಟ್ಟುಕೊಟ್ಟರೆ ಮಕ್ಕಳಿಗೆ ಅದೇ ದೊಡ್ಡ ನೆರವು.